ಹಲಸಿನ ಮರದ ಮಲ್ಲಿಗೆಸರ

ಸಂಸೆಯ ಮೇಲಿನ ಗುಡ್ಡದಲ್ಲಿ ಸರೋಜಮ್ಮನವರಿಗೆ ಸಣ್ಣದೊಂದು ಕಾಫಿ ತೋಟವಿದೆ. ಕಾಫಿಗೆ ನೆರಳು ಕೊಡುವ ಮರಗಳಿಗೆಲ್ಲ ಕಾಳುಮೆಣಸಿನ ಬಳ್ಳಿ ಹಬ್ಬಿಸುವುದು ಆ ಕಡೆಯ ರೂಢಿ. ಅವರು ಮದುವೆಯಾಗಿ ಬಂದಾಗ ಮರಕ್ಕೊಂದು ಥರದ ಬಳ್ಳಿಯಿತ್ತು. ಮಲ್ಲಿಗೆಸರ, ಉದ್ದಗೆರೆ ಎಂದು ಕೆಲವಕ್ಕೆ ಹೆಸರಿತ್ತು. ಹೆಸರಿಲ್ಲದವನ್ನು ಅತ್ತೆ ‘ಬಾವಿ ಕಡೇದು’, ‘ಸಣ್ಣೆಲೇದು’ ಎಂದು ಕರೆಯುತ್ತಿದ್ದರು. ಒಂದು ಹಣ್ಣಾದಾಗ ಇನ್ನೊಂದು ಹಸಿರಾಗಿರುತ್ತಿತ್ತು. ಕೊಯ್ಯುವವರು ಅದೇ ಸಾಲಿಗೆ ಮತ್ತೆ ಮತ್ತೆ ಏಣಿ ಹೊತ್ತು ಬರಬೇಕಿತ್ತು. ಮಳೆ ಜೋರಾದ ವರ್ಷ ಕೆಲವು ಬಳ್ಳಿ ಸೊರಗಿ ಸಾಯುತ್ತಿದ್ದವು, ಪಕ್ಕದವು ತಮಗೇನೂ ಸಂಬಂಧವಿಲ್ಲ ಎಂಬಂತೆ ನಿಂತಿರುತ್ತಿದ್ದವು. ಅದನ್ನು ಯಾರೂ ದೊಡ್ಡ ವಿಷಯವೆಂದು ಎಣಿಸಿರಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ತೋಟ ಸರೋಜಮ್ಮನವರ ಪಾಲಿಗೆ ಬಂತು. ಗಂಡ ಚಂದ್ರಶೇಖರಪ್ಪ ಕಳಸ ಪೇಟೆಯಲ್ಲಿದ್ದ ತಮ್ಮ ಅಂಗಡಿ ಬಿಟ್ಟು ಕದಲುವವರಲ್ಲ. ಕೊಯ್ಲಿಗೆ ಆಳು ಸಿಗುವುದು ವರ್ಷವರ್ಷವೂ ಕಷ್ಟವಾಯಿತು. ಆಗ ನರ್ಸರಿಗೆ ಹೊಸ ತಳಿಯೊಂದು ಬಂದಿತ್ತು. ಉದ್ದನೆಯ ತೆನೆ, ಎಲ್ಲ ಒಟ್ಟಿಗೇ ಹಣ್ಣು. ಸರೋಜಮ್ಮ ಹಳೆಯ ಬಳ್ಳಿಗಳನ್ನು ಬುಡಕ್ಕೇ ಕಡಿಸಿ ತೋಟದ ತುಂಬ ಅದೊಂದನ್ನೇ ನೆಡಿಸಿದರು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ನೋಡಿದವರೆಲ್ಲ ಹೊಗಳಿದರು.

ಆಮೇಲೊಂದು ಆಷಾಢದಲ್ಲಿ ಮಳೆ ಬಿಡಲೇ ಇಲ್ಲ. ಕೆಳಗಿನ ಸಾಲಿನ ಒಂದು ಬಳ್ಳಿಯ ಎಲೆ ಕಪ್ಪಾಗಿ ಉದುರಿತು. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂತು. ಸುಣ್ಣ, ಮೈಲುತುತ್ತ ಕಲಸಿ ಹೊಡೆಸಿದ್ದನ್ನು ಮಳೆ ತೊಳೆದುಕೊಂಡು ಹೋಯಿತು. ದೀಪಾವಳಿಯ ಹೊತ್ತಿಗೆ ಮರಗಳು ಬೋಳಾಗಿ ನಿಂತವು. ಮರುವರ್ಷ ಅದೇ ತಳಿಯ ಗಿಡ ತಂದು ನೆಟ್ಟರೆ ಅವೂ ಸತ್ತವು.

ಸರೋಜಮ್ಮನವರಿಗೆ ಆಗ ನೆನಪಾದದ್ದು ಕೆಳಮನೆಯ ಪಾಪಮ್ಮನವರ ಹಲಸಿನ ಮರ. ಅದರ ಮೇಲೊಂದು ಮಲ್ಲಿಗೆಸರವಿತ್ತು. ಹಿಂದೆ ಅತ್ತೆಯೇ ಕೊಟ್ಟ ಬಳ್ಳಿ. ಅಂಥ ಮಳೆಯಲ್ಲೂ ಅದರ ಒಂದೆಲೆ ಬಾಡಿರಲಿಲ್ಲ. ಕಡಿಸಿ ಹಾಕಿದ ಅಷ್ಟೂ ಬಳ್ಳಿಗಳಲ್ಲಿ ಎಲ್ಲಾದರೂ ಉಳಿದಿದ್ದುದು ಅದೊಂದೇ. ಅದರ ಬುಡದಿಂದ ನೆಲದ ಮೇಲೆ ಹರಿಯುವ ಹಂಬು ನೆಡಲು ಸಿಕ್ಕಿದರೆ ತೋಟವನ್ನು ಮತ್ತೆ ಎಬ್ಬಿಸಬಹುದು ಎಂದುಕೊಂಡು, ಮಳೆಗಾಲ ಹಿಡಿಯುವ ಮೊದಲೇ ಹೋಗಿ ಕೇಳಿದರು.

“ನಿಮ್ಮನೆ ಬಳ್ಳೀನೇ ಅಲ್ವೇನೆ ಅದು,” ಎಂದರು ಪಾಪಮ್ಮ. “ಬುಡದ ಹಂಬೆಲ್ಲ ದನ ತುಳಿದು ಹಾಳು ಮಾಡಿದಾವೆ. ಈ ಮಳೇಲಿ ಹೊಸದು ಬರ್ಲಿ, ಶಿವರಾತ್ರಿ ಕಳೆದ್ಮೇಲೆ ಕೊಯ್ದುಕೋ. ಅದ್ಸರಿ, ಬರೀ ಕೈಲಿ ಬಂದಿದೀಯಲ್ಲ ಮಾರಾಯ್ತಿ? ನಿಮ್ಮತ್ತೆ ಹೀಗೆ ಬರ್ತಿರ್ಲಿಲ್ಲ.”

ಹಂಬು ಕೇಳುವವರು ತಮ್ಮ ತೋಟದ ಒಂದು ಬುಟ್ಟಿ ಮಣ್ಣನ್ನು ತಾಯಿಬಳ್ಳಿಯ ಬುಡಕ್ಕೆ ಹಾಕುವುದು ಆ ಎರಡು ಮನೆಗಳ ನಡುವಿನ ಹಳೆಯ ಪದ್ಧತಿ. ಸರೋಜಮ್ಮನವರಿಗೆ ನಾಚಿಕೆಯಾಯಿತು. ಮಾರನೆಯ ದಿನ ತೋಟವೆಲ್ಲ ಸುತ್ತಿ ಒಳ್ಳೆಯ ಮಣ್ಣು ಹುಡುಕಿದರು. ಸತ್ತ ಬಳ್ಳಿಗಳ ಎಲೆ ಕೊಳೆತ ಕೆಳಗಿನ ಸಾಲಿನಲ್ಲಿ ಮಣ್ಣು ಕಪ್ಪಗೆ, ಮೆತ್ತಗೆ ಇತ್ತು. ಅದನ್ನೇ ಬುಟ್ಟಿಯ ತುಂಬ ತುಂಬಿ ಹೊತ್ತೊಯ್ದು, ಹಲಸಿನ ಬುಡದಲ್ಲಿ ಕೂತು ಬೇರಿನ ಸುತ್ತ ಕೈಯಿಂದಲೇ ಒತ್ತಿದರು.

ಶ್ರಾವಣದಲ್ಲಿ ಪಾಪಮ್ಮ ಹೇಳಿಕಳಿಸಿದರು. ಸರೋಜಮ್ಮ ಹೋಗಿ ನೋಡಿದಾಗ ಕೆಳಗಿನ ಎಲೆಗಳಲ್ಲಿ ಕಪ್ಪು ಮಚ್ಚೆಯಿತ್ತು. ಬುಡ ಕೆರೆದರೆ ತೊಗಟೆ ಕೊಳೆತು ಬೆರಳಿಗೆ ಅಂಟಿತು. ಆ ಕೊಳೆತ ವಾಸನೆ ಅವರಿಗೆ ತಮ್ಮ ತೋಟದಿಂದಲೇ ಗೊತ್ತಿತ್ತು. ಹಾಕಿದ ಮಣ್ಣನ್ನೆಲ್ಲ ಅವಸರದಲ್ಲಿ ತೋಡಿ ತೆಗೆದರು. ಆಳನ್ನು ಮರ ಹತ್ತಿಸಿ ತುದಿಯ ಹಸಿರು ಕುಡಿಗಳನ್ನು ಕೊಯ್ಯಿಸಿ ಮರಳಿನಲ್ಲಿ ನೆಟ್ಟರು. ಅದು ಕುಡಿ ನೆಡುವ ಕಾಲವಲ್ಲ ಎಂಬುದು ತಿಳಿದಿದ್ದರೂ ದಿನಾ ಬೆಳಿಗ್ಗೆ ಎದ್ದು ನೋಡುತ್ತಿದ್ದರು. ಒಂದೂ ಬೇರು ಬಿಡಲಿಲ್ಲ.

ಬಳ್ಳಿ ಒಣಗಿದ ಮೇಲೆ ಪಾಪಮ್ಮ, ಮಳೆ ಅತಿಯಾಯಿತು ಎಂದು ಸಮಾಧಾನ ಹೇಳಹೊರಟರು.

“ಮಳೆ ಅಲ್ಲ ಪಾಪಕ್ಕ. ರೋಗ ನಮ್ಮ ತೋಟದ ಮಣ್ಣಲ್ಲಿತ್ತು. ನಾನೇ ಹೊತ್ಕೊಂಡು ಬಂದೆ.”

“ಬರೀ ಕೈಲಿ ಬಂದೆ ಅಂತ ಅಂದೋಳು ನಾನು,” ಎಂದಷ್ಟೇ ಹೇಳಿ ಪಾಪಮ್ಮ ಒಳಗೆ ಹೋದರು. ಕಾಫಿ ಕುಡಿದು ಹೋಗು ಎನ್ನಲಿಲ್ಲ.

ತಮ್ಮ ತೋಟದ ಮಣ್ಣು ಮೆಟ್ಟಿದ ಕಾಲನ್ನು ಈಗ ಸರೋಜಮ್ಮ ಯಾರ ತೋಟದಲ್ಲೂ ಇಡುವುದಿಲ್ಲ. ಯಾರಾದರೂ ಕರೆದರೆ ರಸ್ತೆಯಲ್ಲೇ ನಿಂತು, ಬೇಲಿಯಾಚೆಯಿಂದ ಮಾತಾಡಿ ಹೋಗುತ್ತಾರೆ. ಸರೋಜಮ್ಮನಿಗೆ ಜಂಬ ಬಂದಿದೆ ಎಂದು ಊರಲ್ಲಿ ಕೆಲವರು ಹೇಳುತ್ತಾರೆ.