ತಂತಿ ಕಡಿದಾಗ ಮುಳ್ಳು ಎತ್ತ ಹೋಗಬೇಕು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಹಿನಕಲ್ ಇನ್ನೂ ಪೂರ್ತಿಯಾಗಿ ಮೈಸೂರಿನೊಳಗೆ ಸೇರಿರಲಿಲ್ಲ. ಹೊಲಗಳು ಮುಗಿದು ಸೈಟಿನ ಕಲ್ಲುಗಳು ಶುರುವಾಗುವ ಕಡೆ ರೇಷ್ಮೆ ನೂಲಿನ ಅಂಟು ತೆಗೆದು ಬಣ್ಣ ಹಾಕುವ ಶೆಡ್ಡೊಂದಿತ್ತು. ಕಾರ್ಖಾನೆಗಳಿಗೆ ಉಷ್ಣತೆ ಅಳೆಯುವ ಉಪಕರಣಗಳನ್ನು ಆರಿಸಿ ಜೋಡಿಸಿಕೊಡುವ ಸಣ್ಣ ಸಂಸ್ಥೆಯಲ್ಲಿ ನಾನು ಎಂಜಿನಿಯರ್ ಆಗಿದ್ದೆ. ನನ್ನನ್ನು ಆ ಶೆಡ್ಡಿಗೆ ಕರೆಸುವ ಹೊತ್ತಿಗೆ ಅಲ್ಲಿನ ಹೆಂಗಸೊಬ್ಬರ ತೋಳು ಸುಟ್ಟು ಕೆಲವೇ ದಿನಗಳಾಗಿದ್ದವು.

ಆಕೆ ಮಂಡಿ ಮೊಹಲ್ಲಾದಿಂದ ಬಸ್ಸು ಹಿಡಿದು ಬರುತ್ತಿದ್ದ ಹಳೆಯ ಕೆಲಸಗಾರ್ತಿ. ಬಿಸಿ ಸೋಪಿನ ನೀರಿನ ತೊಟ್ಟಿಯಲ್ಲಿ ರೇಷ್ಮೆ ಲಡಿಗಳನ್ನು ಕೋಲಿಗೆ ಹಾಕಿ ತಿರುವುವುದು ಆಕೆಯ ಕೆಲಸ. ತೊಟ್ಟಿಯ ಬಿಸಿ ಅಳೆಯುವ ಸೆನ್ಸರಿನ ತಂತಿ ಒಳಗೊಳಗೇ ಕಡಿದಿತ್ತು. ಅದರಿಂದ ಸುದ್ದಿ ಬಾರದೆ, ಉಷ್ಣತೆ ತೋರಿಸುವ ಪ್ಯಾನೆಲ್ಲಿನ ಮುಳ್ಳು ಕೆಳಕ್ಕೆ ಬಿತ್ತು. ತೊಟ್ಟಿ ತಣ್ಣಗಿದೆಯೆಂದು ತಿಳಿದ ಯಂತ್ರ ಸ್ಟೀಮಿನ ವಾಲ್ವನ್ನು ಪೂರ್ತಿ ತೆರೆಯಿತು. ನೀರು ಉಕ್ಕಿ ಆಕೆಯ ತೋಳಿನ ಮೇಲೆ ಬಂತು.

ಇದನ್ನು ಆಕಸ್ಮಿಕವೆನ್ನಲು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಕುದಿನೀರಿನ ಬಳಿ ಕೆಲಸ ಮಾಡುವವರಿಗೆ ಕೈಗವಸು ಕೊಡದಿದ್ದುದು ತಪ್ಪು. ಒಂದೇ ತೊಟ್ಟಿಯ ಮುಂದೆ ನಿಲ್ಲುವ ಗಂಡಸಿಗೊಂದು ಕೂಲಿ, ಹೆಂಗಸಿಗೊಂದು ಕೂಲಿ ಎಂಬುದು ತಪ್ಪು. ತೋಳು ಸುಟ್ಟು ಮನೆಯಲ್ಲಿ ಮಲಗಿದ ದಿನಗಳ ಕೂಲಿಯನ್ನು ಹಿಡಿದದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಪ್ರಶ್ನೆ ಕೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸದ ಶಾಲೆಯೊಂದರಲ್ಲಿ ಓದಿದವಳು ನಾನು. ತಪ್ಪನ್ನು ತಪ್ಪೆಂದೇ ಹೇಳಬೇಕೆಂದು ಅಲ್ಲಿ ಕಲಿಸಿದ್ದರು. ಹಾಗಾಗಿ ಇವಿಷ್ಟನ್ನೂ ಮಾಲೀಕರ ಮುಂದೆ ಹೇಳಿದೆ.

ಅವರು ಹಣೆಯ ವಿಭೂತಿಯ ಕೆಳಗೆ ಇಳಿಯುತ್ತಿದ್ದ ಬೆವರನ್ನು ಒರೆಸಿಕೊಂಡರು. “ನೀವು ಮೀಟರ್ ಹಾಕಕ್ ಬಂದ್ರೋ, ಭಾಷಣ ಮಾಡಕ್ಕೋ?”

“ಎರಡಕ್ಕೂ, ಸರ್.”

“ಮೊದ್ಲು ಮೀಟರ್ ಹಾಕಿ ತಾಯಿ, ಆಮೇಲೆ ಮಿಕ್ಕಿದ್ದು.”

ನಾನು ಆರಿಸಿದ್ದು ಪ್ಲಾಟಿನಂ ಸೆನ್ಸರನ್ನು ಮತ್ತು ಅದರ ತಲೆಯ ಮೇಲೆಯೇ ಕೂರುವ ಟ್ರಾನ್ಸ್‌ಮಿಟರನ್ನು. ಬಿಸಿಯೇರಿದಂತೆ ಪ್ಲಾಟಿನಂ ಎಳೆ ವಿದ್ಯುತ್ತಿಗೆ ಒಡ್ಡುವ ಅಡ್ಡಿ ಹೆಚ್ಚುತ್ತದೆ. ಕುಂಕುಮದ ಭರಣಿಯಷ್ಟಿರುವ ಟ್ರಾನ್ಸ್‌ಮಿಟರ್ ಆ ಸೂಕ್ಷ್ಮ ವ್ಯತ್ಯಾಸವನ್ನು ನಾಲ್ಕರಿಂದ ಇಪ್ಪತ್ತು ಮಿಲಿಆಂಪಿಯರುಗಳ ವಿದ್ಯುತ್ತಾಗಿಸಿ, ಮೋಟಾರುಗಳ ಪಕ್ಕದಲ್ಲೇ ಹಾದರೂ ಕೆಡದಂತೆ ಪ್ಯಾನೆಲ್ಲಿಗೆ ಮುಟ್ಟಿಸುತ್ತದೆ. ಈ ಅಂಕಿಗಳನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಅಳತೆಯ ಅತಿ ಕೆಳಗಿನ ತುದಿಗೆ ಸೊನ್ನೆ ಕೊಡದೆ ನಾಲ್ಕನ್ನು ಏಕೆ ಕೊಟ್ಟರೆಂಬುದು ಮಾತ್ರ ಆ ತೋಳನ್ನು ಕಂಡ ಮೇಲೆಯೇ ಹೊಳೆಯಿತು. ‘ತಣ್ಣಗಿದೆ’ ಎನ್ನುವುದೂ ಒಂದು ಮಾತು. ಅದನ್ನಾಡಲೂ ಉಸಿರು ಬೇಕು. ಸೊನ್ನೆ ಬಂದರೆ ಮಾತೇ ನಿಂತಿದೆ, ದಾರಿ ಕಡಿದಿದೆ ಎಂದು ಅರ್ಥ. ಮೌನವನ್ನು ಒಪ್ಪಿಗೆಯೆಂದು ಎಣಿಸದ ಏರ್ಪಾಟು! ಇಂಥ ತಪ್ಪುಗಳನ್ನು ತಿದ್ದಿಸಲು ನಾನು ಮನವಿ ಹಿಡಿದು ಅಲೆದ ಯಾವ ಕಚೇರಿಯಲ್ಲೂ ಇಷ್ಟು ನ್ಯಾಯವಾದ ನಿಯಮವನ್ನು ಕಂಡಿರಲಿಲ್ಲ. ಆ ಪುಟ್ಟ ಲೋಹದ ಭರಣಿಯನ್ನು ಅಂಗೈಯಲ್ಲಿಟ್ಟುಕೊಂಡು ಅದರ ಮುಚ್ಚಳ ತಿರುಗಿಸಿದೆ.

ಇನ್ನೊಂದು ಆಯ್ಕೆ ಉಳಿದಿತ್ತು. ಮುಚ್ಚಳ ತೆರೆದರೆ ಒಳಗೆ ಉಗುರಿನಷ್ಟು ಸ್ವಿಚ್ಚು. ಪ್ಯಾನೆಲ್ಲಿನ ದಾರಿ ಸರಿಯಿದ್ದು ಸೆನ್ಸರ್ ಮಾತ್ರ ಕಡಿದಾಗ ಮುಳ್ಳು ಮೇಲಕ್ಕೆ ಹೋಗಬೇಕೋ ಕೆಳಕ್ಕೋ ಎಂಬುದನ್ನು ಅದು ನಿರ್ಧರಿಸುತ್ತದೆ. ಮೇಲಕ್ಕೆ ಹೋದರೆ, ತೊಟ್ಟಿ ಮಿತಿಮೀರಿ ಕಾದಿದೆಯೆಂದು ಬಗೆದು ಯಂತ್ರ ಸ್ಟೀಮು ನಿಲ್ಲಿಸುತ್ತದೆ. ಕೆಳಕ್ಕಿಟ್ಟರೆ ಸ್ಟೀಮು ಹರಿಯುತ್ತಲೇ ಇರುತ್ತದೆ.

“ಕೆಳಕ್ಕೇ ಇಡಿ,” ಎಂದರು ಮಾಲೀಕರು. “ಅರ್ಧಕ್ಕೆ ಸ್ಟೀಮ್ ನಿಂತ್ರೆ ಅಂಟು ಅರ್ಧಂಬರ್ಧ ಹೋಗಿ ಬಣ್ಣ ಪಟ್ಟೆ ಪಟ್ಟೆಯಾಗಿ ಕೂತ್ಕೊಳುತ್ತೆ. ಇಡೀ ತೊಟ್ಟಿ ಮಾಲು ಹಾಳು ಕಣ್ರೀ.”

“ಇನ್ನೊಂದು ತೋಳು ಹೋದರೆ?”

“ಅವ್ರೂ ಸ್ವಲ್ಪ ಹುಷಾರಾಗಿರ್ಬೇಕಮ್ಮ.”

ನಾನು ರೇಷ್ಮೆಯಿಲ್ಲದ ತೊಟ್ಟಿಗೆ ನೀರು ಬಿಡಿಸಿ, ಎಲ್ಲರನ್ನೂ ದೂರ ನಿಲ್ಲಿಸಿ, ಸ್ವಿಚ್ಚನ್ನು ಅವರು ಹೇಳಿದಂತೆಯೇ ಕೆಳಕ್ಕಿಟ್ಟು ಸೆನ್ಸರಿನ ತಂತಿ ಕಳಚಿದೆ. ಮುಳ್ಳು ಬಿತ್ತು. ವಾಲ್ವು ತೆರೆದು ಸ್ಟೀಮು ಭೋರೆಂದು ನುಗ್ಗಿತು. ನೀರು ಅಂಚು ಮೀರಿ ಕುಣಿಯತೊಡಗಿದಾಗ, ಎಲ್ಲರಿಗಿಂತ ಹಿಂದಿದ್ದ ಮಾಲೀಕರು ಪಂಚೆ ಎತ್ತಿಕೊಂಡು ಬಾಗಿಲಿನಾಚೆ ಹೋಗಿಬಿಟ್ಟರು. ಬಾಗಿಲ ಬಳಿ, ಸುಟ್ಟ ತೋಳಿಗೆ ಬಟ್ಟೆ ಸುತ್ತಿಕೊಂಡು, ಆ ಹೆಂಗಸು ನಿಂತಿದ್ದರು.

“ಯಾಕ್ ಯಜಮಾನ್ರೇ, ಅಷ್ಟ್ ದೂರ ಬಂದ್ಬುಟ್ರಿ? ನಾವು ಅಲ್ಲೇ ಅಲ್ವಾ ನಿಂತ್ಕೊಳದು?”

ದೂರ ನಿಂತಿದ್ದ ಕೆಲಸದವರೆಲ್ಲ ಗೊಳ್ಳೆಂದು ನಕ್ಕರು. “ಸಾಕು ಸುಮ್ನಿರಮ್ಮ,” ಎಂದರು ಮಾಲೀಕರು, ದನಿಯಲ್ಲಿ ಗದರಿಕೆಯಿರಲಿಲ್ಲ.

ಸ್ಟೀಮು ನಿಲ್ಲಿಸಿ ಸ್ವಿಚ್ಚನ್ನು ಮೇಲಕ್ಕಿಟ್ಟೆ. ಮತ್ತೆ ಎಲ್ಲವನ್ನೂ ಚಾಲೂ ಮಾಡಿ ಅದೇ ತಂತಿ ಕಳಚಿದೆ. ಮುಳ್ಳು ಸರ್ರನೆ ತುದಿಗೇರಿತು, ಪ್ಯಾನೆಲ್ಲಿನ ಗಂಟೆ ಬಡಿಯಿತು, ವಾಲ್ವು ನಿಟ್ಟುಸಿರಿಟ್ಟಂತೆ ಮುಚ್ಚಿಕೊಂಡಿತು.

“ಅಬ್ಬಾ!” ಎಂದರು ಆ ಹೆಂಗಸು. “ಕತ್ತು ಕುಯ್ದ್ರೂ ಕೂಗ್ತೈತಲ್ಲಾ ಇದು!”

ಮಾಲೀಕರು ಒಳಗೆ ಬಂದು ಮುಳ್ಳನ್ನು ನೋಡಿದರು. “ಮೇಲಕ್ಕೇ ಇರ್ಲಿ ಬಿಡಿ. ಮುಚ್ಚಳಕ್ಕೊಂದು ಸೀಲ್ ಹಾಕ್ಬಿಡಿ. ಅರ್ಜೆಂಟ್ ಆರ್ಡರ್ ಬಂದಾಗ ನಾನೇ ತಿರುಗಿಸ್ಬುಟ್ರೆ ಕಷ್ಟ.”

ಮುಂದಿನ ಮಳೆಗಾಲದಲ್ಲಿ ಶೆಡ್ಡಿನಿಂದ ಫೋನು ಬಂತು. ಹೋಗಿ ನೋಡಿದರೆ, ಮಾಲು ತೊಟ್ಟಿಯಲ್ಲಿದ್ದಾಗಲೇ ಸೆನ್ಸರ್ ಕಡಿದಿತ್ತು. ಸೀಲು ಹಾಗೆಯೇ ಇತ್ತು. ನೀರು ಉಗುರುಬೆಚ್ಚಗಾಗಿತ್ತು. “ನೋಡಿ ನಿಮ್ಮ ನ್ಯಾಯಾನ!” ಎಂದು ಮಾಲೀಕರು ಅಂಟು ಅರೆಬರೆ ಉಳಿದ ಲಡಿಗಳನ್ನು ನನ್ನ ಮುಂದೆ ಹಿಡಿದು ಗೊಣಗಿದರೂ, ಹೊಸ ಸೆನ್ಸರಿಗೂ ಸ್ವಿಚ್ಚನ್ನು ಮೇಲಕ್ಕೇ ಇಡಲು ಅವರೇ ಹೇಳಿದರು. ಅಷ್ಟರಲ್ಲಿ ಕೈಗವಸು ಬಂದಿದ್ದವು. ಕೂಲಿಯ ತಾರತಮ್ಯ ಮಾತ್ರ ಹಾಗೆಯೇ ಇತ್ತು. ಅದನ್ನೂ ಅಂದೇ ಮತ್ತೊಮ್ಮೆ ಹೇಳಿದೆ.

ಆ ಹೆಂಗಸು ತೊಟ್ಟಿಯ ಪಕ್ಕದಲ್ಲೇ ಲಡಿ ಹಿಂಡುತ್ತಿದ್ದರು. ಒಂದು ತೋಳಿನಲ್ಲಿ ಹಳೆಯ ಕಲೆ. ಇನ್ನೊಂದು ತೋಳು ನುಣ್ಣಗಿತ್ತು.

“ಕೂಗ್ತು ಕಣಮ್ಮ,” ಎಂದರು. “ನಾನು ತೊಟ್ಟಿ ಮೇಲೆ ಬಗ್ಗಿದ್ದೆ.”

ಕಡಿದ ಸೆನ್ಸರನ್ನು ಕಳಚಿ ಆಕೆಯ ಕೈಗಿಟ್ಟೆ. ಆಕೆ ಕೈಗವಸು ತೆಗೆದು, ಪೆನ್ಸಿಲಿಗಿಂತ ತೆಳುವಾದ ಆ ಉಕ್ಕಿನ ಕೊಳವೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಇಷ್ಟೇನಾ?”

ನನ್ನ ಮನಸ್ಸಿನಲ್ಲಿದ್ದುದೂ ಅದೇ ಪ್ರಶ್ನೆ.