ಪಾಳು ಎಂದು ಬರೆದ ಗುಡ್ಡ

ಅಜ್ಜಿಯ ಬಲಗೈ ತೋರುಬೆರಳು ನಡುಗೆಣ್ಣಿನಲ್ಲಿ ಮುರಿದು ಎಡಕ್ಕೆ ಸೊಟ್ಟಗಾಗಿತ್ತು. ಯಾವುದೋ ಕಾಲದಲ್ಲಿ ಟಗರು ಹಾಯ್ದದ್ದಂತೆ. ಆಕೆ ಗುಡ್ಡ ತೋರಿಸಿದರೆ ಹೊಸಬರು ಪಕ್ಕದ ಜೋಳದ ಹೊಲ ನೋಡುತ್ತಿದ್ದರು. ಎರಡು ದಿನ ನಾನೂ ಹಾಗೇ ನೋಡಿದೆ.

ಎರಡು ಸಾವಿರದ ಇಸವಿಯ ಆಸುಪಾಸು. ಉಪಗ್ರಹ ತೆಗೆದ ಹಳೆಯ ಮತ್ತು ಹೊಸ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದಿಟ್ಟು, ಯಾವ ನೆಲ ಏನಾಗಿದೆ ಎಂದು ನಕಾಶೆ ಮಾಡುವುದು ನನ್ನ ಕೆಲಸ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ತಾಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಕಂಪ್ಯೂಟರ್ ಹೇಳಿದ್ದು ನಿಜವೇ ಎಂದು ಕೆಲವು ಜಾಗಗಳಿಗೆ ಹೋಗಿ ನೋಡಬೇಕಿತ್ತು. ಕೂಡ್ಲಿಗಿ ಕಡೆಯ ಒಂದು ಗುಡ್ಡದಲ್ಲಿ ದಾರಿ ತೋರಿಸಲು ಸಿಕ್ಕವಳು ಕುರಿ ಕಾಯುವ ಈ ಅಜ್ಜಿ. ಯಾವ ಗಿಡದ ಹೆಸರು ಕೇಳಿದರೂ ಮೊದಲು ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಹೆಸರು ಬಿಟ್ಟು, "ಇದು ಈದ ಕುರಿಗೆ ಚಲೋ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಚಿತ್ರಗಳ ಹಾಳೆಗಳನ್ನು ಬಂಡೆಯ ಮೇಲೆ ಹರಡಿದೆ. ಅಂಥ ಚಿತ್ರಗಳಲ್ಲಿ ಹಸಿರು ಕೆಂಪಾಗಿ ಕಾಣುತ್ತದೆ. ಹಳೆಯದರಲ್ಲಿ ಗುಡ್ಡ ಕೆಂಪಗಿತ್ತು, ಹೊಸದರಲ್ಲಿ ಬೂದಿಬಣ್ಣ. ಆಕೆಗೂ ವಿವರಿಸಿದೆ. ಬಹಳ ಹೊತ್ತು ನೋಡಿದಳು.

"ಹಳೇದು ಯಾವಾಗ ತಗದಿದ್ರಿ ತಮ್ಮಾ?"

"ದೀಪಾವಳಿ ಹೊತ್ತಿಗೆ."

"ಹೊಸದು?"

"ಯುಗಾದಿ ಹತ್ರ."

ನಕ್ಕಳು. "ಯುಗಾದ್ಯಾಗ ತಗದ್ರ ನನ್ನ ಮಾರೀನೂ ಪಾಳು ಕಾಣ್ತೈತಿ. ಮಳಿ ಬಿದ್ದ ಮ್ಯಾಲ ಬರ್ರಿ."

ಹೋಲಿಸುವ ಚಿತ್ರಗಳೆರಡೂ ಒಂದೇ ಋತುವಿನವಾಗಿರಬೇಕು ಎಂಬುದು ನಾವು ಕಲಿತ ಮೊದಲ ಪಾಠ. ನನಗೆ ಗೊತ್ತಿತ್ತು. ಆದರೆ ದೀಪಾವಳಿ ಹೊತ್ತಿನ ಹೊಸ ಚಿತ್ರದ ತುಂಬ ಮೋಡವಿತ್ತು, ಇನ್ನೊಂದು ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕಿತ್ತು, ಮೇಲಿನವರು ಅವಸರ ಮಾಡುತ್ತಿದ್ದರು. ಕುರುಚಲು ಕಾಡು ಪಾಳು ಭೂಮಿಯಾಗಿದೆ ಎಂದು ಬರೆದು ನಕಾಶೆ ಕಳಿಸಿಬಿಟ್ಟೆ.

ಮುಂಗಾರು ಬಿದ್ದು ತಿಂಗಳಾಗಿರಬೇಕು. ಅಜ್ಜಿ ಬಸ್ಸು ಹತ್ತಿ, ಕೇಳಿಕೊಂಡು, ಹಗರಿಬೊಮ್ಮನಹಳ್ಳಿಯ ನಮ್ಮ ಆಫೀಸಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹಸಿಹುಲ್ಲನ್ನು ಕೀಬೋರ್ಡಿನ ಪಕ್ಕ ಇಟ್ಟಳು. ಬೇರಿಗೆ ಇನ್ನೂ ಕೆಮ್ಮಣ್ಣು ಮೆತ್ತಿತ್ತು.

"ಗುಡ್ಡದ್ದು. ನೋಡಿ ಬರಕೊಳ್ರಿ."

"ಕಳಿಸಿಬಿಟ್ಟೀನಿ ಅಜ್ಜಿ."

"ಮತ್ತೊಮ್ಮಿ ಕಳಿಸಾಕ ಬರಂಗಿಲ್ಲೇನು?"

ಬರುತ್ತಿತ್ತು. ತಪ್ಪಾಗಿದೆ ಎಂದು ಒಂದು ಪತ್ರ ಬರೆದಿದ್ದರೆ ಸಾಕಿತ್ತು. "ನೋಡ್ತೀನಿ" ಎಂದೆ. ಚಹಾ ಕುಡಿಸಿ, ಬಸ್ಸಿನವರೆಗೆ ಹೋಗಿ ಕಳಿಸಿ ಬಂದೆ. ಪತ್ರ ಮಾತ್ರ ಬರೆಯಲಿಲ್ಲ. ಕೆಲಸ ಹೊಸದು, ನನ್ನ ಹೆಸರಿಗೆ ತಪ್ಪು ಅಂಟೀತೆಂಬ ಭಯ.

ಮುಂದೆ ಪಾಳು ನೆಲದಲ್ಲಿ ನೀಲಗಿರಿ ಸಸಿ ಹಚ್ಚುವ ಯೋಜನೆಯೊಂದು ಬಂತು. ನನ್ನ ನಕಾಶೆ ನೋಡಿಯೇ ಆ ಗುಡ್ಡವನ್ನು ಆರಿಸಿದರು. ಸುತ್ತ ಕಂದಕ ತೋಡಿ, ಕಾವಲು ಹಾಕಿ, ಕುರಿಗಳನ್ನು ತಡೆದರು. ಅಜ್ಜಿ ಒಂದು ಬೇಸಿಗೆ ರಸ್ತೆಬದಿಯಲ್ಲೇ ಮೇಯಿಸಿದಳಂತೆ. ಲಾರಿಗೆ ಸಿಕ್ಕಿ ಕೆಲವು ಕುರಿ ಸತ್ತ ಮೇಲೆ ಉಳಿದ ಹಿಂಡನ್ನು ಮಾರಿ ತಂಬ್ರಹಳ್ಳಿಯ ಮಗಳ ಮನೆ ಸೇರಿದಳು.

ಸುದ್ದಿ ತಿಳಿದು ಹೋದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಜ್ಜಿ ಮನೆಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಮಾತನಾಡುತ್ತಲೇ ತಟ್ಟನೆ ಕತ್ತೆತ್ತಿ "ಹುರ್ರ್ರ್" ಎಂದು ಕೂಗಿ, ಖಾಲಿ ಓಣಿಯಲ್ಲಿ ಇಲ್ಲದ ಕುರಿಗಳನ್ನು ತಿರುಗಿಸುತ್ತಿದ್ದಳು. ಆಮೇಲೆ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು. ಮಗಳು ಹೊರಬಂದು ನಾನು ಯಾರೆಂದು ಕೇಳಿದಳು.

ಅಜ್ಜಿಯೇ ಹೇಳಿದಳು: "ನಮ್ಮ ಗುಡ್ಡ ನೋಡ್ಯಾರವ್ವ ಇವ್ರು. ಬಿಸಿಲಾಗ ನನ್ನ ಕೂಡ ಅಡ್ಡಾಡ್ಯಾರ. ಉಣ್ಣಾಕ ನೀಡು."

ರೊಟ್ಟಿ ಉಂಡು ಬಂದೆ. ಹೇಳಬೇಕಾದ್ದನ್ನು ಹೇಳಲಿಲ್ಲ.

ಮಳೆಗಾಲ ಶುರುವಾಗುವ ಮೊದಲೇ ಆಕೆ ತೀರಿಕೊಂಡಳು. ಆ ವಾರ ಕೂತು ಪತ್ರ ಬರೆದೆ. ಅಷ್ಟು ಹೊತ್ತಿಗೆ ಗುಡ್ಡದ ಮೇಲಿನ ನೀಲಗಿರಿ ಆಳೆತ್ತರ ದಾಟಿತ್ತು.