ಆರು ಡಿಸ್ಕಿಗೆ ಹೊಸ ಗುರುತು

ನನ್ನ ನೆಗೆಣ್ಣಿ ಭುವನೇಶ್ವರಿಯ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಅವಳ ರೊಟ್ಟಿಯ ಬಗ್ಗೆ. ಅಂಚು ಒಡೆದಿರುತ್ತದೆ, ನಡುವೆ ದಪ್ಪ. ಬೇರೆ ಯಾವುದರಲ್ಲೂ ತಪ್ಪು ಹುಡುಕಲು ಜಾಗ ಸಿಗುವುದಿಲ್ಲ, ಅದಕ್ಕೇ ರೊಟ್ಟಿಯನ್ನು ಹಿಡಿದುಕೊಂಡಿದ್ದೇನೆ. ಮುದ್ದೇಬಿಹಾಳದವಳು, ಕಂಪ್ಯೂಟರ್ ಡಿಪ್ಲೊಮಾ ಓದಿದವಳು, ನನ್ನ ಮೈದುನನ ಹೆಂಡತಿ. ನಿನ್ನೆ ಮೊನ್ನೆ ಬಂದವಳು ಆಗಲೇ ಅತ್ತೆ ಚನ್ನವ್ವನ ಬಾಯಲ್ಲಿ 'ನಮ್ಮ ಭುವಿ' ಆಗಿದ್ದಾಳೆ. ನಾನು ಹಿರಿಸೊಸೆ, ಈಗಲೂ ಬರೀ 'ವಿದ್ಯಾವತಿ'.

ಸಿಂದಗಿಯಲ್ಲಿ ನಮ್ಮದು ಫೋಟೊ ಸ್ಟುಡಿಯೊ. ಗಂಡಸರು ಕ್ಯಾಮೆರಾ ಹೊತ್ತು ಇಂಡಿ, ಚಡಚಣ ಎಂದು ಮದುವೆಮನೆಗಳಿಗೆ ಹೋಗುತ್ತಾರೆ. ತಂದ ವಿಡಿಯೊಗಳನ್ನು ಆರು ಹಾರ್ಡ್ ಡಿಸ್ಕುಗಳಲ್ಲಿ ಇಡುವುದು, ಆ ಕಪಾಟಿನ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ನನ್ನ ಕೆಲಸ. ಡಿಸ್ಕುಗಳಿರುವುದು ಒಂದೇ ಸಲಕ್ಕೆ ತಂದ ಅಗ್ಗದ ಕಪ್ಪು ಡಬ್ಬಿಗಳಲ್ಲಿ. ಕಂಪ್ಯೂಟರು ಗುರುತು ಹಿಡಿಯಲು ಡಬ್ಬಿಗೊಂದು ಬೇರೆ ನಂಬರು ಇರಬೇಕಿತ್ತು. ಆರಕ್ಕೂ ಒಂದೇ ನಂಬರು. ಎರಡನ್ನು ಒಟ್ಟಿಗೆ ಜೋಡಿಸಿದರೆ ಕಂಪ್ಯೂಟರಿಗೆ ಯಾವುದು ಯಾವುದೆಂದು ತಿಳಿಯದು. ಹಾಗಾಗಿ ಕಪಾಟಿನಿಂದ ಒಂದೊಂದನ್ನೇ ತೆಗೆಯಬೇಕು. ನಾನು ಆರಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿದ್ದೆ. ಯಾವ ದಾರದಲ್ಲಿ ಯಾರ ಮದುವೆ ಎಂಬುದು ನನ್ನ ತಲೆಯಲ್ಲಿತ್ತು. ಯಾರು ಬಂದರೂ ಮನೆಯವರು "ವಿದ್ಯಾವತೀನ್ನ ಕೇಳ್ರಿ" ಎನ್ನುತ್ತಿದ್ದರು. ಆ ಮಾತು ಕೇಳುವ ಆಸೆಗೇ ನಾನು ಕೀಲಿಕೈ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಈ ಸಲದ ಆಯುಧಪೂಜೆಗೆ, ನಮ್ಮ ಕಡೆಯ ಖಂಡೇಪೂಜೆಗೆ, ಡಿಸ್ಕುಗಳನ್ನು ನಾನೇ ಹೊರಗೆ ತೆಗೆದುಕೊಟ್ಟು ಹೋಳಿಗೆ ಬೇಯಿಸಲು ಹೋದೆ. ಅತ್ತೆ ಕ್ಯಾಮೆರಾಗಳ ಜೊತೆ ಅವನ್ನೂ ಒರೆಸಿದರು. ಮಾಸಿದ ದಾರ ಪೂಜೆಗೆ ಬೇಡವೆಂದು ಆರನ್ನೂ ಕತ್ತರಿಸಿ ಎಸೆದು, ಸಾಲಾಗಿ ವಿಭೂತಿ ಹಚ್ಚಿಬಿಟ್ಟರು.

ಮರುದಿನ ಹೊಸದೊಂದು ಮದುವೆಯನ್ನು ಡಿಸ್ಕಿಗೆ ತುಂಬಬೇಕಿತ್ತು. ಗೊತ್ತಾಗುತ್ತಿಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಖಾಲಿ ಇರುವುದು ಇದೇ ಎಂದು ಒಂದನ್ನು ಜೋಡಿಸಿದೆ. ನಂಬರು ಒಂದೇ ಆದ್ದರಿಂದ ಕಂಪ್ಯೂಟರೂ ಹೌದೆಂದಿತು. ತುಂಬುವ ಮೊದಲು ಡಿಸ್ಕು ಸ್ವಚ್ಛ ಮಾಡಲೆಂದು 'ಅಳಿಸು' ಒತ್ತುವಷ್ಟರಲ್ಲಿ ಭುವನೇಶ್ವರಿ ಕೈ ಹಿಡಿದಳು.

"ತಡೀರಿ ಅಕ್ಕಾರ, ಮೊದಲ ತೆಗದು ನೋಡ್ರಿ," ಎಂದು ತಾನೇ ಡಿಸ್ಕು ತೆರೆದಳು. "ಇದರಾಗ ದೇವಣಗಾಂವದ ನಬಿಲಾಲ ಕಾಕಾರ ಮಗಳ ಮದುವಿ ಐತಿ."

ಆಮೇಲೆ ಅವಳು ಡಿಸ್ಕು ನೋಡಿಕೊಳ್ಳುವ ಪ್ರೋಗ್ರಾಮನ್ನೇ ಬಿಚ್ಚಿಕೊಂಡು ಕುಳಿತಳು. ಅದನ್ನು ಯಾರು ಬೇಕಾದರೂ ತಿದ್ದಬಹುದಂತೆ. ಅತ್ತೆ ಪಕ್ಕದಲ್ಲೇ ಕುಳಿತರು.

"ಏನ್ ಮಾಡಾಕತ್ತೀಯವ್ವಾ?"

"ನಿಮ್ಮ ಹೆಣ್ಮಕ್ಕಳ ಗಂಡಹುಡುಗರಿಗೆಲ್ಲಾ ಅಜ್ಜನ ಹೆಸರು ಪರಪ್ಪ ಅಂತ ಇಟ್ಟೀರಿ. ನೀವು ಹ್ಯಾಂಗ ಕರೀತೀರಿ ಅತ್ತ್ಯಾರ?"

"ತಾಯಿ ಹೆಸರು ಹಚ್ಚಿ. ಕಸ್ತೂರೆವ್ವನ ಪರಪ್ಪ, ತಿಪ್ಪವ್ವನ ಪರಪ್ಪ."

"ಇದಕ್ಕೂ ಹಂಗರಿ. ಇಷ್ಟು ದಿನ ಬರೇ ಡಬ್ಬಿ ನಂಬರ್ ನೋಡತಿತ್ತು. ಒಳಗಿನ ಡಿಸ್ಕಿಗೆ ತನ್ನದ ಒಂದು ಬ್ಯಾರೆ ನಂಬರ್ ಇರ್ತೈತಿ. ಅದನ್ನೂ ಗುರುತು ಅಂತ ಹಿಡಿ ಅಂತ ಹೊಸಾದೊಂದು ಸಾಲು ಸೇರಸಾಕತ್ತೇನಿ."

ಅತ್ತೆ ತಲೆಯಾಡಿಸಿದರು. ನನ್ನ ದಾರದ ಲೆಕ್ಕವನ್ನು ಅವರು ಒಮ್ಮೆಯೂ ಕೇಳಿದವರಲ್ಲ. ಹೊಟ್ಟೆಕಿಚ್ಚಿನಿಂದ ನಾನು ನಿಂತಲ್ಲೇ ಬೆಂದೆ. ಕರೆಂಟಾದರೂ ಹೋಗಲಿ ಎಂದು ಬೇಡಿಕೊಂಡೆ. ಬೇರೆ ದಿನ ನಾಲ್ಕು ಸಲ ಹೋಗುವುದು ಅವತ್ತು ಹೋಗಲಿಲ್ಲ.

ಸಂಜೆ ಆರನ್ನೂ ಒಟ್ಟಿಗೆ ಜೋಡಿಸಿದಳು. ಪರದೆಯ ಮೇಲೆ ಆರು ಬೇರೆ ಬೇರೆ ಗುರುತು ಬಂದವು. ಅತ್ತೆ ನನ್ನತ್ತ ತಿರುಗಿದರು.

"ವಿದ್ಯಾವತಿ, ಕೀಲಿಕೈ ಭುವೀಗಿ ಕೊಡು."

ಕೊಟ್ಟೆ. ಊಟಕ್ಕೆ ಕುಳಿತಾಗ ಅವಳ ರೊಟ್ಟಿ ದಪ್ಪ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಿಗ್ಗೆ ಅಡುಗೆಮನೆಗೆ ಬಂದವಳು ಕೀಲಿಕೈಯನ್ನು ನನ್ನ ಕೈಗೇ ಕೊಟ್ಟಳು.

"ನೀವ ಇಟ್ಕೋರಿ ಅಕ್ಕಾರ. ನನಗ ಬ್ಯಾಡ."

ಹಿರಿಯಳೆಂದು ಅಂಜಿದಳು ಅಂದುಕೊಂಡೆ. ಒಂದು ಗಳಿಗೆ ಅವಳ ರೊಟ್ಟಿಯೂ ತೆಳ್ಳಗೆ ಕಂಡಿತು. ಸೀದಾ ಸ್ಟುಡಿಯೊಗೆ ಹೋಗಿ ಕಪಾಟು ತೆಗೆದೆ.

ಒಳಗೆ ಏನೂ ಇರಲಿಲ್ಲ. ಡಿಸ್ಕುಗಳೆಲ್ಲ ಕಂಪ್ಯೂಟರಿಗೆ ಜೋಡಿಸಿಕೊಂಡೇ ಕುಳಿತಿದ್ದವು. ಈಗ ಒಂದಕ್ಕೊಂದು ಬೆರೆಯುವ ಭಯವಿಲ್ಲ, ಇನ್ನು ಅವನ್ನು ಬಿಚ್ಚುವುದೇ ಬೇಡವಂತೆ.

ಆದರೂ ಕಪಾಟು ಮುಚ್ಚಿ ಕೀಲಿ ಹಾಕಿದೆ. ಎಳೆದು ನೋಡಿದೆ. ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದೆ.